ಅಪ್ಪನನ್ನು ಬೆಂಚ್ ಮೇಲೆ ಕೂರಿಸಿದ ವರ್ಷ

ನಮ್ಮೂರಿನ ಘಟ್ಟದಲ್ಲಿ ಲಾರಿ ಬಿದ್ದ ದಿನ ಚಾ ಅಂಗಡಿಯಲ್ಲಿ ಕೂತವರೆಲ್ಲ ಡ್ರೈವರ್‌ಗಳಾಗಿಬಿಡುತ್ತಾರೆ. ಯಲ್ಲಾಪುರದಿಂದ ಅಂಕೋಲಾಕ್ಕೆ ಇಳಿಯುವ ಅರಬೈಲ್ ಘಟ್ಟ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. "ಸೆಕೆಂಡ್ ಗೇರಿಗೆ ಹಾಕಿ ಇಳಿಸಿದ್ರೆ ಏನೂ ಆಗ್ತಿರ್ಲಿಲ್ಲ" ಅಂತ ಒಬ್ಬ. "ಬ್ರೇಕ್ ಮೇಲೆ ಕಾಲಿಟ್ಕಂಡೇ ಬಂದಿದಾನೆ, ಬಿಸಿಯಾಗಿ ಹಿಡೀಲಿಲ್ಲ" ಅಂತ ಇನ್ನೊಬ್ಬ. ಸೈಕಲ್ ಬಿಟ್ಟರೆ ಬೇರೇನೂ ಓಡಿಸದ ನಮ್ಮ ದೊಡ್ಡಪ್ಪ ಕೂಡ, ಆ ತಿರುವಿನಲ್ಲಿ ಸ್ಟೇರಿಂಗ್ ಎಷ್ಟು ಎಳೀಬೇಕಿತ್ತು ಅಂತ ಕೈಯಲ್ಲೇ ತಿರುಗಿಸಿ ತೋರಿಸುತ್ತಿದ್ದರು. ಚಾ ಕುಡಿದು ಮುಗಿಯುವಷ್ಟರಲ್ಲಿ ತೀರ್ಪು ಆಗಿಹೋಗುತ್ತಿತ್ತು. ತಪ್ಪು ಡ್ರೈವರಿನದೇ. ಮಂಜು ಎಷ್ಟಿತ್ತು, ಲೋಡು ಎಷ್ಟಿತ್ತು, ಅವನು ನಿದ್ದೆ ಮಾಡಿ ಎಷ್ಟು ಹೊತ್ತಾಗಿತ್ತು ಅನ್ನೋದನ್ನ ಯಾರೂ ಕೇಳುತ್ತಿರಲಿಲ್ಲ.

ಬೆಂಗಳೂರಿಗೆ ಬಂದು ಹತ್ತು ವರ್ಷವಾದ ಮೇಲೆ, 2022ರ ನವೆಂಬರ್‌ನಲ್ಲಿ, ನಾನೂ ಅದೇ ಚಾ ಅಂಗಡಿಯ ಗಿರಾಕಿಯಾಗಿದ್ದೆ. ಅಂಗಡಿ ಮಾತ್ರ ಕಂಠೀರವ ಸ್ಟೇಡಿಯಂನದ್ದು. ಬಿದ್ದ ಲಾರಿ ಬೆಂಗಳೂರು ಎಫ್‌ಸಿ. ಡ್ರೈವರ್ ಸೈಮನ್ ಗ್ರೇಸನ್ ಅನ್ನೋ ಇಂಗ್ಲೆಂಡಿನ ಕೋಚ್.

ನಮ್ಮ ಕಡೆ ಫುಟ್‌ಬಾಲ್ ಅಂದರೆ ಯಾರಿಗೂ ಅಷ್ಟಕ್ಕಷ್ಟೆ. ಊರಲ್ಲಿ ವಾಲಿಬಾಲ್ ಇದೆ, ಕ್ರಿಕೆಟ್ ಇದೆ, ರಾತ್ರಿ ಆಟ ಅಂದರೆ ಯಕ್ಷಗಾನ. ಘಟ್ಟದ ಇಳಿಜಾರಲ್ಲಿ ಸಪಾಟಾದ ಜಾಗ ಸಿಕ್ಕೋದೇ ಕಷ್ಟ, ಸಿಕ್ಕಿದರೂ ಅಲ್ಲಿ ತೋಟ ಇರುತ್ತದೆ. ನನಗೆ ಫುಟ್‌ಬಾಲ್ ಹುಚ್ಚು ಹಿಡಿದಿದ್ದು ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಆಗ ಮ್ಯಾಚುಗಳು ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಮಂಗಳೂರಿನ ಒಬ್ಬ ಸಹೋದ್ಯೋಗಿ ಭಾನುವಾರ ಮಾಡೋಕೆ ಬೇರೇನೂ ಕೆಲಸ ಇಲ್ಲದ ನನ್ನನ್ನು ಎಳಕೊಂಡು ಹೋಗಿದ್ದ. ಪಿಜಿ ರೂಮಿನಲ್ಲಿ ಒಬ್ಬನೇ ಕೂತು ಊರಿನ ನೆನಪು ಮಾಡಿಕೊಳ್ಳುವವನಿಗೆ, ಗುರುತಿಲ್ಲದ ಸಾವಿರಾರು ಜನರ ಜೊತೆ ಒಂದೇ ಹೆಸರು ಕೂಗೋದು ಎಷ್ಟು ದೊಡ್ಡ ಔಷಧ ಅಂತ ಅವತ್ತು ಗೊತ್ತಾಯಿತು. ಮೊದಲ ವರ್ಷವೇ ಐ-ಲೀಗ್ ಗೆದ್ದೆವು. ನೋಡಿ, 'ಗೆದ್ದೆವು' ಅಂದೆ. ಮೈದಾನಕ್ಕೆ ಕಾಲೇ ಇಡದವನು 'ನಾವು' ಅನ್ನೋಕೆ ಶುರು ಮಾಡಿದ ಅಂದರೆ ಅವನು ಅಭಿಮಾನಿ ಆದ ಅಂತ ಲೆಕ್ಕ.

ಆ ನೀಲಿ ತಂಡ ನಮ್ಮನ್ನು ಕೆಡಿಸಿಬಿಟ್ಟಿತು. 2013-14 ಮತ್ತು 2015-16ರಲ್ಲಿ ಐ-ಲೀಗ್, 2016ರಲ್ಲಿ ಎಎಫ್‌ಸಿ ಕಪ್ ಫೈನಲ್, 2019ರಲ್ಲಿ ಐಎಸ್‌ಎಲ್ ಕಿರೀಟ. ಗೆಲುವು ಅಂದರೆ ತಿಂಗಳ ಸಂಬಳದ ಹಾಗೆ, ಬಂದೇ ಬರುತ್ತದೆ ಅಂದುಕೊಂಡಿದ್ದೆವು. 2019ರ ಫೈನಲ್‌ನಲ್ಲಿ ಎಕ್ಸ್‌ಟ್ರಾ ಟೈಮಿನ ಕೊನೆಗೆ ರಾಹುಲ್ ಭೇಕೆ ತಲೆ ಕೊಟ್ಟು ಗೋವಾ ಮೇಲೆ ಗೋಲು ಹೊಡೆದಾಗ ಕೋಚ್ ಕಾರ್ಲೆಸ್ ಕ್ವಾಡ್ರಾಟ್ ನಮ್ಮ ಪಾಲಿಗೆ ದೇವರು. ಎರಡು ವರ್ಷ ತುಂಬುವ ಮೊದಲೇ, 2021ರ ಜನವರಿಯಲ್ಲಿ, ಸಾಲಾಗಿ 3 ಪಂದ್ಯ ಸೋತ ಮೇಲೆ ಅದೇ ದೇವರನ್ನು ಕ್ಲಬ್ಬು ಮನೆಗೆ ಕಳಿಸಿತು. ನಾವು ಯಾರೂ ಅಳಲಿಲ್ಲ. "ಆಗಬೇಕಾದ್ದೇ" ಅಂದೆವು.

ಕೋವಿಡ್ ಕಾಲದಲ್ಲಿ ಎರಡು ಸೀಸನ್ ಪೂರ್ತಿ ಗೋವಾದಲ್ಲಿ ಖಾಲಿ ಸ್ಟೇಡಿಯಂನಲ್ಲಿ ನಡೆಯಿತು. 2022ರ ಅಕ್ಟೋಬರ್ 8ಕ್ಕೆ ತಂಡ ಕಂಠೀರವಕ್ಕೆ ವಾಪಸ್ ಬಂದಾಗ ನಾವು ಮದುವೆ ಮನೆಗೆ ಹೋದ ಹಾಗೆ ಹೋಗಿದ್ದೆವು. ಸೆಪ್ಟೆಂಬರ್‌ನಲ್ಲಷ್ಟೇ ಗ್ರೇಸನ್ ಕೈಕೆಳಗೆ ಡ್ಯುರಾಂಡ್ ಕಪ್ ಗೆದ್ದಿದ್ದೆವು ಬೇರೆ. ನಾರ್ತ್ ಈಸ್ಟ್ ವಿರುದ್ಧ 1-0. ಮುಂದಿನದ್ದು ಚೆನ್ನೈ ಜೊತೆ ಡ್ರಾ. ಆಮೇಲೆ ಘಟ್ಟದ ಇಳಿಜಾರು ಶುರುವಾಯಿತು. ಹೈದರಾಬಾದ್ ಎದುರು 0-1. ಒಡಿಶಾ ಎದುರು 0-1. ಈಸ್ಟ್ ಬೆಂಗಾಲ್ ಎದುರು ನಮ್ಮದೇ ಮನೆಯಲ್ಲಿ 0-1, ಅದೂ ಗೋಲು ಹೊಡೆದವನು ಹಿಂದಿನ ವರ್ಷ ನಮ್ಮ ಜೊತೆಗಿದ್ದ ಕ್ಲೇಟನ್ ಸಿಲ್ವಾ. ಕೊನೆಗೆ ಮುಂಬೈಯಲ್ಲಿ 0-4. ಸಾಲಾಗಿ ನಾಲ್ಕು ಪಂದ್ಯ, ಒಂದೂ ಗೋಲಿಲ್ಲ.

ಸೋಲು ಒಂದಾದರೆ ದುಃಖ. ಎರಡಾದರೆ ಸಿಟ್ಟು. ನಾಲ್ಕಾದರೆ ಅದು ಒಂದು ಉದ್ಯೋಗ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಆಫೀಸಿನ ಕೆಲಸಕ್ಕಿಂತ ಜಾಸ್ತಿ ಸಮಯ ಅದಕ್ಕೇ ಹೋಗುತ್ತಿತ್ತು. ಮೂವರು ಡಿಫೆಂಡರ್‌ಗಳನ್ನು ಇಟ್ಟು ಯಾಕೆ ಆಡ್ತಾನೆ? 60ನೇ ನಿಮಿಷಕ್ಕೆ ಮಾಡಬೇಕಾದ ಬದಲಾವಣೆ 80ಕ್ಕೆ ಯಾಕೆ ಮಾಡ್ತಾನೆ? ಒಬ್ಬ ಎಕ್ಸೆಲ್ ಶೀಟ್ ಮಾಡಿ ತಂದ. ಇನ್ನೊಬ್ಬ ಪವರ್‌ಪಾಯಿಂಟ್‌ನಲ್ಲಿ ಬಾಣ ಬರೆದು ತನ್ನದೇ ಟೀಮ್ ಹಾಕಿದ. ನಾನು ಪ್ರತಿ ಸೋಲಿನ ರಾತ್ರಿ ಉದ್ದುದ್ದ ಪೋಸ್ಟ್‌ಮಾರ್ಟಂ ಬರೆಯುತ್ತಿದ್ದೆ. ಪ್ರೊಡಕ್ಷನ್‌ನಲ್ಲಿ ಏನಾದರೂ ಕೆಟ್ಟರೆ 'ರೂಟ್ ಕಾಸ್' ಬರೆದು ರೂಢಿಯಾದ ಕೈ. ಎಲ್ಲ ವರದಿಯ ಕೊನೆಯ ಸಾಲು ಒಂದೇ: ಕೋಚ್ ಬದಲಿಸಿ.

ಗುಂಪಿನಲ್ಲಿ ಗ್ರೇಸನ್ ಪರ ಇದ್ದವನು ಆ ಮಂಗಳೂರಿನವನು ಒಬ್ಬನೇ. "ಮೂರನೇ ದರ್ಜೆಯಲ್ಲಿದ್ದ ಲೀಡ್ಸ್ ಯುನೈಟೆಡ್ ತಗೊಂಡು ಹೋಗಿ 2010ರಲ್ಲಿ ಎಫ್‌ಎ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೋಲಿಸಿದ ಮನುಷ್ಯ ಮಾರಾಯ, ಅವನಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತುಂಟಾ?" ಅನ್ನುತ್ತಿದ್ದ. ನಾವು ಅವನಿಗೆ 'ಗ್ರೇಸನ್ ಅಳಿಯ' ಅಂತ ಹೆಸರಿಟ್ಟೆವು.

ದೊಡ್ಡ ಜಗಳ ಮಾತ್ರ ಬೇರೆ ವಿಷಯಕ್ಕೆ. ಸುನಿಲ್ ಛೇತ್ರಿ. 2013ರಲ್ಲಿ ತಂಡ ಹುಟ್ಟಿದಾಗಿನಿಂದ ನಾಯಕ. ನಮ್ಮಲ್ಲಿ ಎಷ್ಟೋ ಜನ ಫುಟ್‌ಬಾಲ್ ನೋಡೋದು ಕಲಿತದ್ದೇ ಅವರನ್ನು ನೋಡಿ. ಆಗ ಅವರಿಗೆ 38. ಗೋಲು ಬರುತ್ತಿರಲಿಲ್ಲ. ಆ ಚಳಿಗಾಲದಲ್ಲಿ ಗ್ರೇಸನ್ ಅವರನ್ನು ಬೆಂಚ್ ಮೇಲೆ ಕೂರಿಸೋಕೆ ಶುರು ಮಾಡಿದರು. ರಿಸರ್ವ್ ತಂಡದಿಂದ ಬಂದ, ತಮಿಳುನಾಡಿನ 21 ವರ್ಷದ ಶಿವಶಕ್ತಿ ನಾರಾಯಣನ್ ಅನ್ನೋ ಹುಡುಗ ರಾಯ್ ಕೃಷ್ಣನ ಜೊತೆ ಮುಂದೆ ಆಡತೊಡಗಿದ. ನಮ್ಮ ಗುಂಪಿನಲ್ಲಿ ಬೆಂಕಿ. ಸೋಲೋದು ಸೋಲ್ತೀವಿ, ನಮ್ಮ ಮನುಷ್ಯನನ್ನ ಆಡಿಸಿ ಸೋಲ್ತೀವಿ ಅನ್ನೋ ವಾದಕ್ಕೆ ಎಲ್ಲರ ಲೈಕು. ಮೊದಲ ಲೈಕು ನನ್ನದೇ.

ಇಷ್ಟೆಲ್ಲ ಬರೆಯುತ್ತಿದ್ದ ಅದೇ ಡಿಸೆಂಬರ್‌ನಲ್ಲಿ, ಅರಬೈಲಿನ ನಮ್ಮನೆ ತೋಟದಲ್ಲಿ, ನಾನು ನನ್ನ ಅಪ್ಪನನ್ನು ಬೆಂಚ್ ಮೇಲೆ ಕೂರಿಸಿದ್ದೆ.

ಅಡಿಕೆ ಕೊಯ್ಲು ನೋಡದವರಿಗೆ ಸ್ವಲ್ಪ ಹೇಳಬೇಕು. ನಮ್ಮ ಕಡೆ ಮರ ಹತ್ತಿ ಕೊಯ್ಯುವವನಿಗೆ ಕೊನೆಗೌಡ ಅಂತಾರೆ. ಅವನು ಒಂದು ಮರ ಹತ್ತಿದರೆ ಅಲ್ಲಿಂದಲೇ ಪಕ್ಕದ ಮರಕ್ಕೆ, ಅಲ್ಲಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತಾನೆ. ಕೊಯ್ದ ಕೊನೆಯನ್ನು ಹಾಗೇ ಕೆಳಗೆ ಒಗೆದರೆ ಅಡಿಕೆ ಉದುರಿ ಚೆಲ್ಲಾಪಿಲ್ಲಿ. ಅದಕ್ಕೆ ಮೇಲಿಂದ ಒಂದು ಹಗ್ಗ ಇಳಿಬಿಡುತ್ತಾನೆ. ಕೆಳಗೆ ಒಬ್ಬ ಆ ಹಗ್ಗದ ತುದಿ ಹಿಡಿದು, ಮರದಿಂದ ಸ್ವಲ್ಪ ದೂರ ನಿಂತು ಬಿಗಿಯಾಗಿ ಎಳೆದುಕೊಂಡಿರಬೇಕು. ನಲವತ್ತು ಐವತ್ತು ಅಡಿ ಎತ್ತರದಿಂದ ಕೊನೆ ಆ ಹಗ್ಗದ ಮೇಲೆ ಜಾರಿಕೊಂಡು ಸುಯ್ ಅಂತ ಬರುತ್ತದೆ. ಕೆಳಗಿನವನು ಅದನ್ನು ಹಿಡಿಯಬೇಕು. ಹಗ್ಗ ಸಡಿಲಾದರೆ ಕೊನೆ ನೆಲಕ್ಕೆ ಬಡಿಯುತ್ತದೆ. ಬಿಗಿ ಹೆಚ್ಚಾಗಿ ಓಟ ತಪ್ಪಿದರೆ ಎದೆಗೇ ಬಂದು ಬಡಿಯುತ್ತದೆ. ಕಣ್ಣು ಮೇಲಿರಬೇಕು, ಕಾಲು ಕೆಳಗೆ ಕಾದಿಗೆ ಹಾರದೆ ನೆಟ್ಟಗಿರಬೇಕು. ನಮ್ಮನೆಯಲ್ಲಿ ನಲವತ್ತು ವರ್ಷ ಆ ಹಗ್ಗ ಅಪ್ಪನ ಕೈಯಲ್ಲಿತ್ತು. ಆಳು ಸಿಗದೆ ಅಲ್ಲ, ಅಪ್ಪನಿಗೆ ಅದು ಇಷ್ಟ ಅಂತ.

ಹಿಂದಿನ ವರ್ಷದ ಕೊಯ್ಲಿನಲ್ಲಿ ಒಂದು ಕೊನೆ ಓಟ ತಪ್ಪಿ ಬಲಭುಜಕ್ಕೆ ಬಡಿದಿತ್ತು. ಅಪ್ಪ ಎಣ್ಣೆ ಹಚ್ಚಿಕೊಂಡು ಸುಮ್ಮನಾದರು. ಆರು ತಿಂಗಳಾದರೂ ಕೈ ಮೇಲೆತ್ತೋಕೆ ಬಾರದೆ ಹುಬ್ಬಳ್ಳಿಗೆ ಕರಕೊಂಡು ಹೋದೆ. ಸ್ಕ್ಯಾನ್ ಆಯಿತು. ಭುಜದ ಸ್ನಾಯು ಹರಿದಿದೆ, ವಯಸ್ಸು 66, ಆಪರೇಷನ್ ಸದ್ಯ ಬೇಡ, ಆದರೆ ಇನ್ನು ಎಳೆಯೋ ಕೆಲಸ ಮಾಡಕೂಡದು ಅಂದರು ಡಾಕ್ಟರು. ಅಪ್ಪ ತಲೆ ಹಾಕಿದರು. ಬಸ್ಸಿನಲ್ಲಿ ವಾಪಸ್ ಬರುವಾಗ ಆ ವಿಷಯವನ್ನೇ ಎತ್ತಲಿಲ್ಲ. ಊರಲ್ಲಿ ಯಾರಿಗೂ ಹೇಳಲೂ ಇಲ್ಲ. ರಿಪೋರ್ಟು ನನ್ನ ಫೋನಿನಲ್ಲಿ ಮಾತ್ರ ಇತ್ತು.

ಡಿಸೆಂಬರ್‌ನಲ್ಲಿ ಆಯಿ ಫೋನ್ ಮಾಡಿ, ಬರೋ ವಾರ ಕೊಯ್ಲು, ಅಪ್ಪ ಹಗ್ಗ ತೊಳೆದು ಒಣಗಿಸ್ತಾ ಇದಾರೆ ಅಂದಳು. ನನಗೆ ಎದೆ ಧಸಕ್ ಅಂತು. ಅಪ್ಪನ ಹತ್ತಿರ ಮಾತಾಡೋ ಧೈರ್ಯ ನನಗಿರಲಿಲ್ಲ. ನಮ್ಮ ಮನೆಯಲ್ಲಿ ಅಪ್ಪ-ಮಗ ಎದುರಾಬದುರು ಕೂತು ಮಾತಾಡಿದ್ದು ಎಂಜಿನಿಯರಿಂಗ್ ಸೀಟು ಆರಿಸುವಾಗ ಒಂದು ಸಲ ಇರಬೇಕು. ಆಫೀಸಿನಲ್ಲಾದರೆ ಇಂಥದ್ದಕ್ಕೆ ಒಂದು ಮೀಟಿಂಗ್ ಕರೆಯುತ್ತಿದ್ದೆ. ಇಲ್ಲಿ ಸೀದಾ ಕೊನೆಗೌಡನಿಗೇ ಫೋನ್ ಮಾಡಿದೆ. ಈ ಸಲ ಹಗ್ಗಕ್ಕೆ ನಿಮ್ಮ ಕಡೆಯವರನ್ನೇ ಯಾರನ್ನಾದರೂ ಕರಕೊಂಡು ಬನ್ನಿ, ಕೂಲಿ ನಾನೇ ಹಾಕ್ತೇನೆ ಅಂದೆ. ಅವನು ತನ್ನ ಅಕ್ಕನ ಮಗನನ್ನು ಕರೆತರುತ್ತೇನೆ ಅಂದ. ಹುಡುಗನಿಗೆ ಇಪ್ಪತ್ತೆರಡು. ಮುಗೀತು. ಎರಡು ನಿಮಿಷದ ಕೆಲಸ. ಫೋನಿಟ್ಟು, ಸಮಸ್ಯೆ ಪರಿಹಾರ ಆಯಿತು ಅಂತ ಸಮಾಧಾನದಿಂದ ಗ್ರೇಸನ್‌ಗೆ ಬೈಯೋಕೆ ವಾಪಸ್ ಹೋದೆ.

ಕೊಯ್ಲಿನ ಮೊದಲ ದಿನ ಅಪ್ಪ ಹಗ್ಗ ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಇಳಿದಿದ್ದಾರೆ. ಕೊನೆಗೌಡ ಮುಜುಗರದಲ್ಲಿ ತಲೆ ಕೆರೆದುಕೊಳ್ಳುತ್ತಾ, "ಸಣ್ಣ ಹೆಗಡೇರು ಫೋನ್ ಮಾಡಿದ್ರು, ಹಗ್ಗಕ್ಕೆ ಇವ್ನು ನಿಲ್ತಾನೆ" ಅಂದಿದ್ದಾನೆ. ಅಪ್ಪ ಏನೂ ಹೇಳದೆ ಹಗ್ಗ ಕೊಟ್ಟು ಮನೆಗೆ ಬಂದು, ಜಗಲಿಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದರಂತೆ. ಬೆಳಗಿನ ಒಂಬತ್ತು ಗಂಟೆಗೆ. ಆಯಿ ಇದನ್ನು ಹೇಳುವಾಗ ಅವಳ ದನಿ ನಡುಗುತ್ತಿತ್ತು.

ಆಮೇಲೆ ಶುರುವಾಯಿತು ನಮ್ಮನೆ ತೋಟದ ಸೋಲಿನ ಸರಣಿ. ಹುಡುಗನಿಗೆ ಕೈ ಹೊಂದಲಿಲ್ಲ. ಕೊನೆ ನೆಲಕ್ಕೆ ಬಡಿಯಿತು, ಕಾದಿಗೆಗೆ ಬಿತ್ತು, ಅಡಿಕೆ ಉದುರಿ ಸೊಪ್ಪಿನೊಳಗೆ ಸೇರಿತು. ಹೆಕ್ಕೋಕೇ ಬೇರೆ ಇಬ್ಬರು ಆಳು. ಐದು ದಿನಕ್ಕೆ ಮುಗಿಯುವ ಕೊಯ್ಲು ಎಂಟು ದಿನಕ್ಕೆ ಹೋಯಿತು. ಊರಿನವರ ಬಾಯಿಗೆ ಕಡಿವಾಣ ಇದೆಯೇ? ದೊಡ್ಡಪ್ಪ ಸಿಗ್ನಲ್ ಸಿಗುವ ಗುಡ್ಡದ ತುದಿಗೆ ಹೋಗಿ ನನಗೆ ಫೋನ್ ಮಾಡಿದರು. "ಎಂತದೋ ತಮಾ, ಬೆಂಗಳೂರಲ್ಲಿ ಕೂತ್ಕಂಡು ತೋಟ ಮಾಡ್ಸ್ತ್ಯನ? ನಲವತ್ತು ವರ್ಷ ಹಗ್ಗ ಹಿಡಿದವಂಗೆ ಬರದಿಲ್ಲೆ ಹೇಳಿ ನಿಂಗೆ ಯಾರು ಹೇಳಿದ್ದ?" ಪಕ್ಕದ ಮನೆಯವರು, ಅತ್ತೆ, ಕುಮಟಾದ ಮಾವ, ಎಲ್ಲರದೂ ಅದೇ ಪ್ರಶ್ನೆ. ಒಬ್ಬರಂತೂ, ಮಗನಿಗೆ ಸಂಬಳ ಜಾಸ್ತಿ ಆಯಿತು, ಅಪ್ಪ ಹಗ್ಗ ಹಿಡಿಯೋದು ಈಗ ನಾಚಿಕೆ ಅಂದರಂತೆ. ಯಾರಿಗೂ ಸ್ಕ್ಯಾನ್ ವಿಷಯ ಗೊತ್ತಿಲ್ಲ. ಅಪ್ಪ ಹೇಳಿಲ್ಲ ಅಂದ ಮೇಲೆ ನಾನು ಹೇಳುವ ಹಾಗಿಲ್ಲ. ಬಾಯಿ ಮುಚ್ಚಿಕೊಂಡು ಬೈಸಿಕೊಂಡೆ.

ಡಿಸೆಂಬರ್ 23ರ ಸಂಜೆ ಹೈದರಾಬಾದ್ ತಂಡ ಕಂಠೀರವಕ್ಕೆ ಬಂದು ನಮ್ಮನ್ನು 3-0ಯಿಂದ ಬಡಿಯಿತು. ನಮ್ಮ ಗುಂಪು ಎಂದಿನಂತೆ ಎದ್ದು ನಿಂತು ಕೂಗುತ್ತಿತ್ತು. ನನಗೆ ಆವತ್ತು ಬಾಯಿ ಬರಲಿಲ್ಲ. ಗೆರೆಯ ಪಕ್ಕದಲ್ಲಿ ಕೈಕಟ್ಟಿ ನಿಂತ ಆ ಮನುಷ್ಯನನ್ನೇ ನೋಡುತ್ತಾ ಕೂತೆ. ಅವನ ಫೋನಿನಲ್ಲಿ ಯಾರದಾದರೂ ಸ್ಕ್ಯಾನ್ ರಿಪೋರ್ಟ್ ಇರಬಹುದೇ ಅನ್ನಿಸಿತು. ಯಾರ ಮೊಣಕಾಲು ಊದಿದೆ, ಯಾರು ರಾತ್ರಿ ನಿದ್ದೆ ಮಾಡಿಲ್ಲ, ಯಾರು ಪ್ರಾಕ್ಟೀಸಿನಲ್ಲಿ ಓಡುತ್ತಿಲ್ಲ ಅನ್ನೋದು ಅವನಿಗೆ ಗೊತ್ತು. ಹೇಳುವ ಹಾಗಿಲ್ಲ. ಹೇಳಿದರೆ ಆಟಗಾರನ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ತನ್ನದು ಹೋಗುತ್ತದೆ.

ಹಾಗಂತ ಕೋಚ್ ಮಾಡಿದ್ದೆಲ್ಲ ಸರಿ ಅಂತಲ್ಲ. ಅದೇ ಡಿಸೆಂಬರ್ 6ಕ್ಕೆ ಕತಾರ್ ವಿಶ್ವಕಪ್‌ನಲ್ಲಿ ಪೋರ್ಚುಗಲ್ ಕೋಚ್ ಫರ್ನಾಂಡೊ ಸಾಂಟೋಸ್ ರೊನಾಲ್ಡೊನನ್ನು ಹೊರಗೆ ಕೂರಿಸಿದ್ದರು. ಬದಲಿಗೆ ಆಡಿದ ಗೊನ್ಸಾಲೊ ರಾಮೋಸ್ ಮೂರು ಗೋಲು ಹೊಡೆದ. 6-1. ಸಾಂಟೋಸ್ ಎಂಥಾ ಧೈರ್ಯಶಾಲಿ ಅಂತ ಜಗತ್ತೇ ಹೊಗಳಿತು. ನಾಲ್ಕು ದಿನ ಬಿಟ್ಟು ಮೊರಾಕ್ಕೊ ಎದುರೂ ರೊನಾಲ್ಡೊ ಬೆಂಚ್ ಮೇಲೇ ಶುರು ಮಾಡಿದ. 0-1, ಪೋರ್ಚುಗಲ್ ಮನೆಗೆ. ಅದೇ ವಾರದಲ್ಲಿ ಸಾಂಟೋಸ್ ಕೆಲಸ ಬಿಟ್ಟರು. ನಿರ್ಧಾರ ಒಂದೇ, ಮನುಷ್ಯ ಒಬ್ಬನೇ. ಮಂಗಳವಾರ ಜಾಣ, ಶನಿವಾರ ದಡ್ಡ. ನಾವು ತೂಗುತ್ತಿದ್ದದ್ದು ನಿರ್ಧಾರವನ್ನಲ್ಲ, ಸ್ಕೋರನ್ನು.

ಡಿಸೆಂಬರ್ 30ಕ್ಕೆ ಕೋಲ್ಕತ್ತಾದಲ್ಲಿ ಮತ್ತೆ ಈಸ್ಟ್ ಬೆಂಗಾಲ್ ಕೈಲಿ ಸೋತೆವು. 12 ಪಂದ್ಯ, 8 ಸೋಲು, 10 ಅಂಕ. ಸೀಸನ್ ಸತ್ತಿತು ಅಂತ ಗುಂಪಿನಲ್ಲಿ ಒಬ್ಬ ಶ್ರದ್ಧಾಂಜಲಿ ಪೋಸ್ಟರ್ ಹಾಕಿದ.

ಸಂಕ್ರಾಂತಿಗೆ ಊರಿಗೆ ಹೋದೆ. ಅಪ್ಪ ಅಂಗಳದ ಮೂಲೆಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. ತಿಂಗಳಿಂದ ನನ್ನ ಹತ್ತಿರ ಮಾತಿಲ್ಲ, ಫೋನ್ ಮಾಡಿದರೆ ಆಯಿಗೆ ಕೊಡುತ್ತಿದ್ದರು. ನಾನೂ ಒಂದು ಮೆಟ್ಟುಗತ್ತಿ ಎಳೆದುಕೊಂಡು ಎದುರಿಗೆ ಕೂತೆ. ನನಗೆ ಸುಲಿಯೋಕೆ ಕೈ ಓಡುವುದಿಲ್ಲ, ಅವರು ಹತ್ತು ಸುಲಿಯುವಷ್ಟರಲ್ಲಿ ನಾನು ಎರಡು. ಅರ್ಧ ಗಂಟೆಯಾದ ಮೇಲೆ ನಾನೇ ಬಾಯಿ ಬಿಟ್ಟೆ. ಡಾಕ್ಟರು ಹೇಳಿದ್ದು, ಭುಜ ಪೂರ್ತಿ ಹರಿದರೆ ಮುಂದೆ ಊಟ ಮಾಡೋ ಕೈಯೇ ಏಳದ ಹಾಗೆ ಆಗಬಹುದು ಅನ್ನೋದು, ಎಲ್ಲ ಒಂದೇ ಉಸಿರಿಗೆ ಹೇಳಿದೆ.

ಅಪ್ಪ ಕೈಯಲ್ಲಿದ್ದ ಅಡಿಕೆ ಸುಲಿದು ಬುಟ್ಟಿಗೆ ಹಾಕಿದರು. "ಯಂಗೆ ಗೊತ್ತಿಲ್ಯನ ಅದು? ನೋವು ಯಂದಲ್ದನ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆನು ಹಗ್ಗ ಬಿಡ್ತಿದ್ನೇನ. ಆದರೆ ಯಂಗೆ ಮುಂಚೆ ಒಂದು ಮಾತು ಹೇಳಕ್ಕಾಗಿತ್ತು. ಕೊನೆಗೌಡನ ಬಾಯಲ್ಲಿ ಕೇಳವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ಡಾಕ್ಟರು, ಸ್ಕ್ಯಾನು, ವಯಸ್ಸು, ಎಲ್ಲ ನನ್ನ ಕಡೆಗೇ ಇದ್ದವು. ನಿರ್ಧಾರ ಸರಿಯಾಗಿತ್ತು. ಅದನ್ನು ತಿಳಿಸಬೇಕಾದವರನ್ನು ಬಿಟ್ಟು ಉಳಿದವರಿಗೆ ತಿಳಿಸಿದ್ದೆ, ಅಷ್ಟೆ.

ಸಂಜೆ ಆ ಹುಡುಗನ ವಿಷಯ ಬಂತು. ಅವನಿಗೆ ಕೈ ಬರೋದೇ ಇಲ್ವಾ ಅಂತ ಕೇಳಿದೆ. "ಕೈ ಇದ್ದು ಅವಂಗೆ. ಮರದ ಬುಡಕ್ಕೆ ಬಂದು ನಿಲ್ತಾ. ನಾಕು ಮಾರು ಹಿಂದೆ ನಿಂತರೆ ಎಲ್ಲ ಸರಿ ಆಗ್ತು" ಅಂದರು. ಮತ್ತೆ ಹೇಳಲಿಲ್ಲವಾ ಅಂದೆ. "ಯಾರು ಕೇಳಿದ?" ಅಂದರು. ಎಂಟು ದಿನ ಜಗಲಿಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ ಮನುಷ್ಯನಿಗೆ, ತೋಟದಲ್ಲಿ ಹುಡುಗ ಎಲ್ಲಿ ನಿಲ್ಲುತ್ತಾನೆ ಅನ್ನೋದು ಪಕ್ಕಾ ಗೊತ್ತಿತ್ತು! ಅಂದರೆ ಎದ್ದು ಹೋಗಿ ಬೇಲಿ ಸಂದಿಯಿಂದ ನೋಡಿಕೊಂಡು ಬಂದಿದ್ದಾರೆ. ಫೆಬ್ರವರಿಯ ಎರಡನೇ ಕೊಯ್ಲಿಗೆ ಅಪ್ಪ ಒಂದು ಮರದ ಕೊರಡು ಹಾಕಿಕೊಂಡು ತೋಟದಲ್ಲೇ ಕೂತರು. ಹುಡುಗ ನಾಕು ಮಾರು ಹಿಂದೆ ನಿಂತ. ಐದು ದಿನಕ್ಕೆ ಮುಗಿಯಿತು.

ಅತ್ತ ಬೆಂಗಳೂರಿನಲ್ಲೂ ಯಾರೋ ನಾಕು ಮಾರು ಹಿಂದೆ ನಿಲ್ಲೋಕೆ ಹೇಳಿದ ಹಾಗಿತ್ತು. ಜನವರಿ ಮೊದಲ ವಾರ ನಾರ್ತ್ ಈಸ್ಟ್ ಮೇಲೆ ಗೆದ್ದ ತಂಡ ಆಮೇಲೆ ಸೋಲಲೇ ಇಲ್ಲ. ಒಂದಲ್ಲ ಎರಡಲ್ಲ, ಸಾಲಾಗಿ 8 ಗೆಲುವು. ಅದರಲ್ಲಿ ಬಹಳ ಪಂದ್ಯ ಛೇತ್ರಿ ಶುರು ಮಾಡಿದ್ದು ಬೆಂಚ್ ಮೇಲೆಯೇ. ಆ ಶಿವಶಕ್ತಿ ಹುಡುಗ ಗೋಲು ಹೊಡೆದ. ಆ ಮೂವರು ಡಿಫೆಂಡರ್‌ಗಳ ಲೆಕ್ಕವೇ ಈಗ ಮಾಸ್ಟರ್ ಪ್ಲಾನ್. 34 ಅಂಕ, ನಾಲ್ಕನೇ ಸ್ಥಾನ, ಪ್ಲೇಆಫ್. ನಮ್ಮ ಗುಂಪಿನಲ್ಲಿ ಹಳೇ ಮೆಸೇಜುಗಳನ್ನು ಎಲ್ಲರೂ ಗುಟ್ಟಾಗಿ ಡಿಲೀಟ್ ಮಾಡತೊಡಗಿದರು. ಮಂಗಳೂರಿನವನು ಮಾತ್ರ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದ.

2023ರ ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ನಾಕೌಟ್. ಆವತ್ತೂ ಛೇತ್ರಿ ಬೆಂಚ್ ಮೇಲೆ. ದ್ವಿತೀಯಾರ್ಧದಲ್ಲಿ ಒಳಗೆ ಬಂದರು. 90 ನಿಮಿಷಕ್ಕೆ 0-0. 96ನೇ ನಿಮಿಷಕ್ಕೆ ನಮಗೆ ಫ್ರೀಕಿಕ್ ಸಿಕ್ಕಿತು. ಕೇರಳದವರು ಗೋಡೆ ಕಟ್ಟೋಕೆ ಇನ್ನೂ ಜಾಗ ಹುಡುಕುತ್ತಿದ್ದಾಗ ಛೇತ್ರಿ ಚೆಂಡನ್ನು ಒಳಗೆ ತೂರಿಬಿಟ್ಟರು. ರೆಫರಿ ಗೋಲು ಅಂದರು. ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ಸಿಟ್ಟಿನಿಂದ ತಮ್ಮ ಆಟಗಾರರನ್ನೆಲ್ಲ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಪಂದ್ಯ ನಮಗೆ. ಆಮೇಲೆ ಅವರಿಗೆ 10 ಪಂದ್ಯದ ನಿಷೇಧ, ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಬಿತ್ತು. ಅದೂ ಒಂದು ಕೋಚ್ ನಿರ್ಧಾರವೇ. ಅಲ್ಲಿಯ ಅಭಿಮಾನಿಗಳು ಅದರ ಬಗ್ಗೆ ಇನ್ನೂ ಜಗಳವಾಡುತ್ತಿದ್ದಾರೆ ಅಂತ ನನ್ನ ಕೇರಳದ ಸಹೋದ್ಯೋಗಿಯನ್ನು ನೋಡಿದರೆ ಗೊತ್ತಾಗುತ್ತದೆ.

ಮಾರನೇ ದಿನ ಅಪ್ಪನಿಗೆ ಫೋನ್ ಮಾಡಿ ಕತೆಯೆಲ್ಲ ಹೇಳಿದೆ. ಫುಟ್‌ಬಾಲ್ ಬಗ್ಗೆ ಅಪ್ಪನ ಹತ್ತಿರ ಮಾತಾಡಿದ್ದು ಅದೇ ಮೊದಲು. 38 ವರ್ಷದವರನ್ನ ಹೊರಗೆ ಕೂರಿಸಿದ್ದು, ನಾವೆಲ್ಲ ಕೋಚ್‌ಗೆ ಬೈದದ್ದು, ಕೊನೆಗೆ ಅವರೇ ಬಂದು ಗೆಲ್ಲಿಸಿದ್ದು. ಅಪ್ಪ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಕೂರ್ಸಕ್ಕಿಂತ ಮುಂಚೆ ಅವಂಗೆ ಹೇಳಿದ್ವನ?"

ಗೊತ್ತಿಲ್ಲ ಅಂದೆ. ಹತ್ತು ವರ್ಷದಿಂದ ತಂಡದ ಬಗ್ಗೆ ಎಲ್ಲ ಗೊತ್ತು ಅಂದುಕೊಂಡವನಿಗೆ ಅದೊಂದು ಗೊತ್ತಿರಲಿಲ್ಲ. ಪಾಸು ಎಷ್ಟು, ಶಾಟ್ ಎಷ್ಟು, ಯಾರು ಎಷ್ಟು ಕಿಲೋಮೀಟರ್ ಓಡಿದರು, ಎಲ್ಲದಕ್ಕೂ ಅಂಕಿ ಇದೆ. ಬಾಗಿಲು ಹಾಕಿಕೊಂಡು ಇಬ್ಬರು ಏನು ಮಾತಾಡಿದರು ಅನ್ನೋದು ಯಾವ ಶೀಟಿನಲ್ಲೂ ಇಲ್ಲ. ಆದರೆ ಒಂದು ಮಾತು ನನಗೆ ಅನ್ನಿಸುತ್ತದೆ. ಮುನಿಸಿಕೊಂಡು ಗೋಡೆ ಕಡೆ ಮುಖ ಮಾಡಿದವನು 96ನೇ ನಿಮಿಷದಲ್ಲಿ ಅಷ್ಟು ಎಚ್ಚರದಿಂದ ಇರಲಾರ.

ಕತೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು, ನಿಲ್ಲಲಿಲ್ಲ. ಆ ವರ್ಷದ ಫೈನಲ್‌ನಲ್ಲಿ ಮೋಹನ್ ಬಗಾನ್ ಕೈಲಿ ಪೆನಾಲ್ಟಿಯಲ್ಲಿ ಸೋತೆವು. ಡಿಸೆಂಬರ್ 2023ರಲ್ಲಿ ಮುಂಬೈ ಕಂಠೀರವಕ್ಕೆ ಬಂದು 4-0ಯಿಂದ ಸೋಲಿಸಿ ಹೋಯಿತು, ಮರುದಿನವೇ ಗ್ರೇಸನ್ ಕೆಲಸ ಹೋಯಿತು. ಒಂಬತ್ತು ತಿಂಗಳ ಹಿಂದೆ ಅವರನ್ನು ಹೊತ್ತು ಕುಣಿಯೋಕೆ ತಯಾರಿದ್ದ ನಾವೇ "ಇನ್ನೂ ಮೊದಲೇ ಕಳಿಸಬೇಕಿತ್ತು" ಅಂದೆವು. ಆಮೇಲೆ ಬಂದ ಗೆರಾರ್ಡ್ ಝರಗೋಜಾ 2024-25ರಲ್ಲಿ ಛೇತ್ರಿಗೆ ಮತ್ತೆ ಆಡೋ ಅವಕಾಶ ಕೊಟ್ಟರು. 40 ವರ್ಷದ ಮನುಷ್ಯ ಆ ಸೀಸನ್‌ನಲ್ಲಿ 14 ಗೋಲು ಹೊಡೆದರು, ಕೇರಳದ ಮೇಲೆ ಹ್ಯಾಟ್ರಿಕ್ ಸೇರಿ. ಹಾಗಾದರೆ ಗ್ರೇಸನ್ ಅವರನ್ನು ಕೂರಿಸಿದ್ದು ತಪ್ಪಾ? ಅಥವಾ ಕೂರಿಸಿದ್ದರಿಂದಲೇ ಇಷ್ಟು ದಿನ ಬಂದರಾ? ಗುಂಪಿನಲ್ಲಿ ಇದರ ಬಗ್ಗೆ ಇನ್ನೂ ತೀರ್ಪು ಬಂದಿಲ್ಲ. ನಾನು ಈಗ ರೂಟ್ ಕಾಸ್ ಬರೆಯುವುದನ್ನು ಬಿಟ್ಟಿದ್ದೇನೆ.

ಬೈಯೋದು ಬಿಟ್ಟಿಲ್ಲ. ಅದನ್ನು ಬಿಟ್ಟರೆ ಸ್ಟೇಡಿಯಂಗೆ ಯಾಕೆ ಹೋಗೋದು? ದೊಡ್ಡಪ್ಪ ಗುಡ್ಡ ಹತ್ತಿ ಫೋನ್ ಮಾಡಿ ನನಗೆ ಬೈದದ್ದು ತೋಟದ ಮೇಲಿನ ಆಸೆಗಲ್ಲ, ತಮ್ಮನ ಮೇಲಿನ ಪ್ರೀತಿಗೆ. ಯಾರಿಗೆ ಏನೂ ಅನ್ನಿಸುವುದಿಲ್ಲವೋ ಅವರು ಗುಡ್ಡ ಹತ್ತುವುದಿಲ್ಲ. ಆದರೆ ಬೈದು ಮುಗಿದ ಮೇಲೆ ಒಂದು ನಿಮಿಷ ಸುಮ್ಮನಿದ್ದು, ಆ ಮನುಷ್ಯನ ಫೋನಿನಲ್ಲಿ ಯಾವ ರಿಪೋರ್ಟ್ ಇರಬಹುದು ಅಂತ ಯೋಚಿಸುತ್ತೇನೆ.

ಕಳೆದ ಕೊಯ್ಲಿಗೆ ಊರಿಗೆ ಹೋದಾಗ ಹಗ್ಗ ಜಗಲಿಯ ಗೂಟದಲ್ಲಿ ಒದ್ದೆಯಾಗಿ ನೇತಾಡುತ್ತಿತ್ತು. ಹುಡುಗ ಎಲ್ಲಿ ಅಂದೆ. ಅವನ ನೆಂಟರ ಮನೆಯಲ್ಲಿ ಮದುವೆ, ಎರಡು ದಿನ ಬಂದಿಲ್ಲ ಅಂದಳು ಆಯಿ, ನನ್ನ ಮುಖ ನೋಡದೆ. ಮತ್ತೆ ಹಗ್ಗ ಯಾರು ಹಿಡಿದರು? ಅಪ್ಪ ಒಳಗಿಂದ ಬಂದರು. ಬಲಗೈ ಲುಂಗಿಯ ಮರೆಯಲ್ಲಿ.

"ಆನೇಯ" ಅಂದರು. "ಎಡಗೈಯಲ್ಲಿ ಬಿಗಿ ಹಿಡ್ಕಂಡ್ರೆ ಆಗ್ತು. ಎಂತದೂ ಆಜಿಲ್ಲೆ." ನಾನು ಬಾಯಿ ತೆರೆಯುವ ಮೊದಲೇ ಸೇರಿಸಿದರು: "ನಿಂಗೆ ಮುಂಚೆ ಹೇಳಿದ್ನಿಲ್ಲೆ. ಈಗ ಗೊತ್ತಾತಾ ಹೆಂಗೆ ಅನ್ಸ್ತು ಹೇಳಿ?"

ನಕ್ಕರು. ಆಮೇಲೆ ಚಾ ಲೋಟ ಹಿಡಿದು ಕೂತು ಕೇಳಿದರು, ನಿಮ್ಮ ಟೀಮಿಗೆ ಈಗ ಕೋಚ್ ಯಾರು, ಇದಾನಾ, ಇವನನ್ನೂ ಓಡಿಸಿದ್ರಾ ಅಂತ.